ಫೋನಿನಲ್ಲಿ ಕೊಡಬಹುದಾದ ಔಷಧಿ

ನಾನು ಡಾಕ್ಟರಲ್ಲ, ಕಾಂಪೌಂಡರ್ ಕೂಡ ಅಲ್ಲ. ಆದರೂ ತೊಂಬತ್ತರ ದಶಕದಲ್ಲಿ ಮುಳಬಾಗಿಲಿನ ನಮ್ಮ ಬೀದಿಯ ಕಾಯಿಲೆಗಳೆಲ್ಲ ನನ್ನ ಬಾಯಿಂದಲೇ ಕೋಲಾರಕ್ಕೆ ಹೋಗುತ್ತಿದ್ದವು. ಔಷಧಿಗಳು ನನ್ನ ಕಿವಿಯಿಂದ ಬೀದಿಗೆ ಬರುತ್ತಿದ್ದವು. ಕಾರಣ ಸರಳ. ಬೀದಿಗೆಲ್ಲ ನಮ್ಮದೊಂದೇ ಫೋನು, ಮತ್ತು ಕೋಲಾರದಲ್ಲಿದ್ದ ಡಾಕ್ಟರು ನನ್ನ ಹೆಂಡತಿಯ ಸೋದರಮಾವ.

ಮಾವ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಫೋನು ಮಾಡಬೇಕು. ಒಂದು ಕೈಯಲ್ಲಿ ಅನ್ನ, ಇನ್ನೊಂದು ಕೈಯಲ್ಲಿ ರಿಸೀವರು. ಅವರಿಗೊಂದು ಕಟ್ಟುನಿಟ್ಟು ಇತ್ತು. ಜ್ವರಕ್ಕೆ ಮಾತ್ರೆ, ಭೇದಿಗೆ ಉಪ್ಪು ಸಕ್ಕರೆಯ ನೀರು, ತುರಿಕೆಗೆ ಮುಲಾಮು, ಬಿ.ಪಿ. ಇದ್ದವರಿಗೆ ಮೊದಲಿನ ಮಾತ್ರೆಯೇ ಇನ್ನೊಂದು ತಿಂಗಳು, ಇಷ್ಟು ಫೋನಿನಲ್ಲಿ ಆಗುತ್ತದೆ. ಎದೆನೋವು, ಬಸುರಿಯರು, ನಿದ್ದೆ ಮಾತ್ರೆ, ಇಂಜೆಕ್ಷನ್ನು ಆಗುವುದಿಲ್ಲ; ಬಸ್ಸು ಹತ್ತಿಸಿ ಕಳಿಸು. ಕಣ್ಣಿನ ಕಾಯಿಲೆ ಈ ಎರಡು ಪಟ್ಟಿಗಳ ನಡುವೆ ಇತ್ತು. ಸುಮ್ಮನೆ ಕೆಂಪಾಗಿದ್ದರೆ ಡ್ರಾಪ್ಸ್ ಹೆಸರು ಹೇಳುತ್ತಿದ್ದರು. ಏನಾದರೂ ತಾಗಿದ್ದರೆ ಹೇಳುತ್ತಿರಲಿಲ್ಲ.

ನಮ್ಮ ಹಳೆಯ ವೈದ್ಯರು ರೋಗಿಯನ್ನು ಮೂರು ರೀತಿಯಲ್ಲಿ ಪರೀಕ್ಷಿಸಬೇಕು ಅನ್ನುತ್ತಿದ್ದರು: ದರ್ಶನ, ಸ್ಪರ್ಶನ, ಪ್ರಶ್ನ. ನೋಡು, ಮುಟ್ಟು, ಕೇಳು. ಫೋನು ಬಂದ ಮೇಲೆ ಮೊದಲೆರಡು ಹೋದವು, ಉಳಿದದ್ದು ಪ್ರಶ್ನೆ ಒಂದೇ. ನಮ್ಮ ಬೀದಿಯಲ್ಲಿ ಅದೂ ನನ್ನ ಕೈಗೆ ಬಿತ್ತು. ಬರುವವರಲ್ಲಿ ಅರ್ಧ ಜನ ತೆಲುಗಿನವರು, ಕೆಲವರು ಸಾಬರು, ಎಲ್ಲರೂ ಕಾಯಿಲೆಯನ್ನು ಅದರ ಅಜ್ಜನ ಕಾಲದಿಂದ ಶುರು ಮಾಡುವವರು. ತಲೆ ತಿರುಗಿತು ಅನ್ನುವ ಮೊದಲು ಬೀಗಿತ್ತಿ ಏನೆಂದಳು, ಸಾರಿಗೆ ಯಾಕೆ ಹುಳಿ ಜಾಸ್ತಿಯಾಯಿತು, ಎಲ್ಲ ಬರಬೇಕು. ನಾನಾಗ ಕಥೆ ಬರೆಯುತ್ತಿದ್ದೆ. ಬೇಡದ್ದನ್ನು ಕತ್ತರಿಸುವುದೇ ಬರವಣಿಗೆ ಅಂತ ನಂಬಿದ್ದೆ. ಹತ್ತು ನಿಮಿಷದ ಗೋಳನ್ನು ಎರಡು ವಾಕ್ಯ ಮಾಡಿ ಮಾವನಿಗೆ ಒಪ್ಪಿಸುತ್ತಿದ್ದೆ. "ನೀನು ಹೇಳಿದ್ರೆ ಕಾಯಿಲೆ ಅರ್ಥ ಆಗುತ್ತಪ್ಪಾ" ಅಂತ ಅವರು ಒಂದು ಸಲ ಅಂದರು. ಒಬ್ಬ ಸಂಪಾದಕನೂ ನನಗೆ ಅಷ್ಟು ದೊಡ್ಡ ಮಾತು ಹೇಳಿರಲಿಲ್ಲ.

ಖಾದರ್ ಸಾಬರು ನಮ್ಮ ಬೀದಿಯ ಟೈಲರ್. ಗುಂಡಿ ತೂರಿಸುವ ಕಾಜಾದ ಸಣ್ಣ ಹೊಲಿಗೆಯಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ. ಮದುವೆಯ ಕೋಟುಗಳಿಗೆ ಶ್ರೀನಿವಾಸಪುರದಿಂದಲೂ ಜನ ಬರುತ್ತಿದ್ದರು. ಒಂದು ಮಾವಿನ ಕಾಲದಲ್ಲಿ ಅವರು ಎಡಗಣ್ಣಿಗೆ ಕರ್ಚೀಫು ಒತ್ತಿಕೊಂಡು ನಮ್ಮ ಮನೆಗೆ ಬಂದರು. ಆ ವಾರ ಬೀದಿಯಲ್ಲಿ ಅರ್ಧ ಜನಕ್ಕೆ ಮದ್ರಾಸ್ ಐ. ಕರ್ಚೀಫು ನೋಡಿದಾಗಲೇ ನನ್ನ ಎರಡು ವಾಕ್ಯ ತಯಾರಾಗಿತ್ತು. ಅವರು ಮಾತ್ರ ಯಲ್ದೂರಿನಿಂದ ಶುರು ಮಾಡಿದರು. ಅಲ್ಲಿ ಬಾಮೈದ ತೋಪು ಗುತ್ತಿಗೆಗೆ ಹಿಡಿದಿದ್ದಾನೆ, ಕಾಯಿ ಕೀಳಿಸಲು ಇವರನ್ನೂ ಕರೆದ, ಬಸ್ಸು ತಪ್ಪಿತು, ತೋಪಿನಲ್ಲಿ ಕಾವಲುಗಾರನಿಗೂ ಬಾಮೈದನಿಗೂ ಜಗಳ ಹತ್ತಿತು... ನಾನು ನಂಬರು ತಿರುಗಿಸುತ್ತಾ ಹೂಂ ಹೂಂ ಅನ್ನುತ್ತಿದ್ದೆ.

ಇಲ್ಲಿಂದ ಮುಂದೆ ನನ್ನ ನೆನಪನ್ನು ಪೂರ್ತಿ ನಂಬಬೇಡಿ.

ಎಡಗಣ್ಣು ಕೆಂಪು, ನೀರು ಸೋರುತ್ತೆ, ಎರಡು ದಿನದಿಂದ, ಬೀದೀಲೆಲ್ಲ ಇದೇ ಅಂತ ಹೇಳಿದೆ. ಮಾವ ಅನ್ನ ನುಂಗಿ ಕೇಳಿದರು, "ಏನಾದ್ರೂ ತಾಗಿತ್ತಾ?"

"ಇಲ್ಲ ಮಾವ" ಅಂದೆ.

ಖಾದರ್ ಸಾಬರ ಕಡೆ ತಿರುಗಿ ಕೇಳಲಿಲ್ಲ. ಅವರು ಮೂರು ಅಡಿ ದೂರದಲ್ಲಿ ಕುರ್ಚಿಯ ತುದಿಗೆ ಕೂತಿದ್ದರು.

ಮಾವ ಹೇಳಿದ ಡ್ರಾಪ್ಸ್ ಹಾಕಿದ ಮೇಲೆ ಕೆಂಪು ಇಳಿಯಿತು. ಎರಡನೆಯ ದಿನ ಸಾಬರು ಅಂಗಡಿ ತೆಗೆದರು, ನನ್ನನ್ನು ಕರೆದು ಚಹಾ ಕೊಡಿಸಿದರು. ನಾನು ಕುಡಿದೆ. ವಾರ ಕಳೆಯುವುದರೊಳಗೆ ಕಣ್ಣಿನಲ್ಲಿ ಬೆಳ್ಳಗೆ ಚುಕ್ಕೆ ಕಂಡಿತು, ಆಮೇಲೆ ತಲೆ ಸೀಳುವ ನೋವು. ಕೋಲಾರಕ್ಕೆ ಕರೆದುಕೊಂಡು ಹೋದೆವು. ಕಣ್ಣಿನ ಡಾಕ್ಟರು ಬೆಳಕು ಬಿಟ್ಟು ನೋಡಿ, ಗಿಡವೋ ಎಲೆಯೋ ಹೊಡೆದಿದೆಯಾ ಅಂತ ಕೇಳಿದರು. ಹೌದು, ಜಗಳದಲ್ಲಿ ಬಾಮೈದ ಬಗ್ಗಿಸಿ ಹಿಡಿದಿದ್ದ ಕೊಂಬೆ ಕೈಬಿಟ್ಟ, ಎಲೆ ಪಟ್ ಅಂತ ಹೊಡೀತು ಅಂದರು ಸಾಬರು. ಎಲೆಯಿಂದ ಬೂಷ್ಟು ಒಳಗೆ ಹೋಗಿದೆ, ಹಾಕಿದ ಡ್ರಾಪ್ಸ್ ಕೆಂಪನ್ನು ಇಳಿಸುತ್ತಲೇ ಬೂಷ್ಟಿಗೆ ಗೊಬ್ಬರವಾಗಿದೆ ಅಂತ ಡಾಕ್ಟರು ತಿಳಿಸಿದರು. ಆರು ವಾರ ಓಡಾಡಿದೆವು. ಕಣ್ಣು ಉಳಿಯಿತು, ನೋಟ ಉಳಿಯಲಿಲ್ಲ. ನಮ್ಮ ಕಡೆ ಇದಕ್ಕೆ ಕಣ್ಣಿನಲ್ಲಿ ಹೂ ಬಿತ್ತು ಅನ್ನುತ್ತಾರೆ. ಇಂಥದಕ್ಕೆ ಹೂವಿನ ಹೆಸರಿಟ್ಟವನು ಯಾರೋ, ನನ್ನ ಹಾಗೆ ಮಾತು ಚೆಂದ ಮಾಡುವವನೇ ಇರಬೇಕು.

ಮಾವ ಫೋನು ಮಾಡಿದರು. "ನಾನು ಕೇಳಿದ್ನಲ್ಲಪ್ಪಾ?" ಅಂದರು.

"ಅವರು ಹೇಳಿರಲಿಲ್ಲ ಮಾವ" ಅಂದೆ.

ರಿಸೀವರ್ ಇಟ್ಟು ತಿರುಗಿದರೆ ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. "ಎಲೆ ಹೊಡೀತು ಅಂತ ಅವ್ರು ಅವತ್ತೇ ಅಂದ್ರಲ್ರೀ. ನಾನು ಒಳಗಿದ್ದೋಳು, ನನಗೇ ಕೇಳಿಸ್ತು" ಅಂದಳು. ಬೈಯುವ ದನಿಯಲ್ಲೇನಲ್ಲ. ಹಾಲು ಉಕ್ಕಿತು ಅಂದಷ್ಟೇ ಸಹಜವಾಗಿ.

ಆಮೇಲೆ ಈ ಪ್ರಸಂಗವನ್ನು ತಲೆಯಲ್ಲೇ ಮೂರು ಸಲ ಬರೆದಿದ್ದೇನೆ. ಒಂದರಲ್ಲಿ ಸಾಬರು ಎಲೆಯ ಮಾತೇ ಎತ್ತಲಿಲ್ಲ. ಇನ್ನೊಂದರಲ್ಲಿ ಎತ್ತಿದರು, ಆದರೆ ಅಷ್ಟರಲ್ಲಿ ನಾನು ಫೋನು ಇಟ್ಟಾಗಿತ್ತು. ಮೂರನೆಯದರಲ್ಲಿ ಲೈನಿನಲ್ಲಿ ಗೊರಗೊರ ಸದ್ದು, ಮಾವನ ಪ್ರಶ್ನೆಯೇ ನನಗೆ ಕೇಳಿಸಲಿಲ್ಲ. ಮೂರರಲ್ಲೂ ನಾನು ಒಳ್ಳೆಯವನು. ಮೂರೂ ಸುಳ್ಳು ಅಂತ ಗೊತ್ತಾಗುವುದು ಅದರಿಂದಲೇ. ಸಾಬರ ಹತ್ತಿರ ಕ್ಷಮೆ ಕೇಳಲು ಹೋದಾಗಲೆಲ್ಲ ಅವರು "ನಸೀಬು ಸಾರ್" ಅಂದು ಟೇಪು ತೆಗೆದು ನನ್ನ ಎದೆಯ ಅಳತೆ ಹಿಡಿಯುತ್ತಿದ್ದರು. ಕೋಟುಗಳನ್ನು ಅವರು ಬಿಟ್ಟಿದ್ದರು. ಪೈಜಾಮ, ದಿಂಬಿನ ಕವರು ಹೊಲಿಯುತ್ತಿದ್ದರು. ಕಾಜಾಗಳನ್ನು ಬೇರೆಯವರಿಗೆ ಕೊಡುತ್ತಿದ್ದರು.

ಈಗ, ಈ ಹೊಸ ಶತಮಾನದಲ್ಲಿ, ದೂರದ ಡಾಕ್ಟರು ಟೀವಿಯಂಥ ಪರದೆಯ ಮೇಲೆ ರೋಗಿಯನ್ನು ನೋಡಿ ಔಷಧಿ ಹೇಳುತ್ತಾರೆ ಅಂತ ಪೇಪರಿನಲ್ಲಿ ಓದುತ್ತೇನೆ. ದರ್ಶನ ವಾಪಸು ಬಂತು, ಸಂತೋಷ. ಯಾವ ಔಷಧಿ ಹಾಗೆ ಕೊಡಬಹುದು, ಯಾವುದು ಕೂಡದು ಅಂತ ದೊಡ್ಡವರು ಚರ್ಚೆ ಮಾಡುತ್ತಾರೆ. ಮಾಡಲಿ. ಪಟ್ಟಿ ಮಾವನ ಹತ್ತಿರವೂ ಇತ್ತು, ಚೆನ್ನಾಗಿಯೇ ಇತ್ತು. ರೋಗಿಯ ಪಕ್ಕ ನಿಂತು ರೋಗಿಯ ಪರವಾಗಿ ಮಾತಾಡುವವನನ್ನು ಏನು ಮಾಡಬೇಕು ಅನ್ನುವುದು ಆ ಪಟ್ಟಿಯಲ್ಲಿ ಇರಲಿಲ್ಲ.

ಕಳೆದ ತಿಂಗಳು ಖಾದರ್ ಸಾಬರು ಮತ್ತೆ ಫೋನಿಗೆ ಬಂದರು. ಹೊಟ್ಟೆ ಸರಿಯಿಲ್ಲ. ಮಾವನಿಗೀಗ ವಯಸ್ಸಾಗಿದೆ, ಆದರೂ ಊಟದ ಹೊತ್ತಿಗೆ ಫೋನು ಎತ್ತುತ್ತಾರೆ. ನಾನು ನಂಬರು ಒತ್ತಿ ರಿಸೀವರನ್ನು ಸಾಬರ ಕೈಗೇ ಕೊಟ್ಟೆ. ಮೊದಲ ಸಲ. ಅವರು ಎದ್ದು ನಿಂತು, ಹೊಟ್ಟೇಲಿ ಉರಿ ಸಾರ್, ನಾಲ್ಕು ದಿನದಿಂದ, ರಾತ್ರಿ ಜಾಸ್ತಿ ಅಂದರು. ನೇರವಾಗಿ, ಎರಡೇ ವಾಕ್ಯ. ಆಮೇಲೆ ರಿಸೀವರಿನ ಬಾಯಿಗೆ ಅಂಗೈ ಮುಚ್ಚಿ ನನ್ನ ಕಡೆ ತಿರುಗಿದರು.

"ಸಾರ್, ಇನ್ನೊಂದಿದೆ. ಹೇಳ್ಬೋದಾ, ಬೇಕಾಗಲ್ವಾ?"

"ಎಲ್ಲಾ ಹೇಳಿ ಸಾಬ್ರೇ. ಬಾಮೈದನ ವಿಷಯ ಇದ್ರೂ ಹೇಳಿ."

ಅವರು ಅಂಗೈ ತೆಗೆದು, "ಅಷ್ಟೇ ಸಾರ್" ಅಂತ ಮಾವನಿಗೆ ಹೇಳಿದರು. ಮಾತ್ರೆಯ ಹೆಸರು ಬರೆಸಿಕೊಂಡು ಫೋನು ಇಟ್ಟರು.

ಏನು ಬಿಟ್ಟಿರಿ ಅಂತ ಕೇಳಿದೆ. "ಏನಿಲ್ಲ ಸಾರ್, ಅದು ಉದ್ದ ಕಥೆ" ಅನ್ನುತ್ತಾ ಅವರು ಹೊಸಿಲು ದಾಟಿದರು. ಇಷ್ಟು ವರ್ಷ ನನ್ನಿಂದ ಅವರು ಕಲಿತದ್ದು ಇದು.

ನಾನೂ ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಅವರ ಅಂಗಡಿ ನಾಲ್ಕೇ ಮನೆ ಆಚೆ, ಉದ್ದ ಕಥೆಗೆ ಅಷ್ಟು ದಾರಿ ಸಾಲದು. "ಕೆರೆ ಕಡೆಯಿಂದ ಸುತ್ತಿಕೊಂಡು ಹೋಗೋಣ ಬನ್ನಿ" ಅಂದೆ.