ಗೊನೆಯಿಲ್ಲದ ಕೋಣೆಯಲ್ಲಿ ಹಣ್ಣಿನ ವಾಸನೆ

ನನಗೆ ಕೂಗಾಡಲು ಬರುವುದಿಲ್ಲ. ಸಿಟ್ಟು ಬಂದಾಗ ದನಿ ಇಳಿಸಿ ಮಾತಾಡಬೇಕು ಅಂತ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ಮದುವೆಯಾಗಿ ಬಂದ ಮೇಲೆ ಇಳಿಸಿದ ದನಿಯನ್ನೂ ನುಂಗುವುದು ತಾನಾಗಿಯೇ ಬಂತು. ಹಾಗಾಗಿ ಆ ದುರ್ಗಾಷ್ಟಮಿಯ ದಿನ ಕಮಲಾಪುರದ ಮನೆಯ ಪಡಸಾಲೆಯಲ್ಲಿ, ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರ ಎದುರಿಗೆ ನಾನು ಚೀರಿದೆ ಅಂದರೆ ಕಲಬುರಗಿಯ ಖೂಬಾ ಪ್ಲಾಟಿನ ನಮ್ಮ ಓಣಿಯವರು ನಂಬುವುದಿಲ್ಲ. "ನೀವಾ? ಚಾಷ್ಟಿ ಮಾಡಬ್ಯಾಡ್ರಿ" ಅನ್ನುತ್ತಾರೆ. ಚೇಷ್ಟೆಯಲ್ಲ. ಆ ಸಿಟ್ಟು ಇನ್ನೂ ಹಾಗೇ ಇದೆ. ಇಳಿಯಲಿ ಅಂತ ಬರೆಯುತ್ತಲೂ ಇಲ್ಲ.

ಮೊದಲು ಹುಡುಗಿಯ ಮಾತು. ನನ್ನ ಗಂಡನ ಅಣ್ಣನ ಮಗಳು. ತಂದೆ ತಾಯಿ, ಅಜ್ಜಿ ಎಲ್ಲ ಕಮಲಾಪುರದಲ್ಲಿ, ಬಾಳೆ ತೋಟ ನೋಡಿಕೊಂಡು. ಇವಳು ಡಿಗ್ರಿ ಓದಲು ಕಲಬುರಗಿಗೆ ಬಂದು ನಮ್ಮಲ್ಲೇ ಇದ್ದಾಳೆ. ನನ್ನನ್ನು ಕಾಕು ಅನ್ನುತ್ತಾಳೆ. ಸಾಲಿಗೆ ಹೋಗುವ ವಯಸ್ಸಿನಲ್ಲೇ ಅವಳಿಗೊಂದು ವಿಚಿತ್ರ ಹಸಿವು ಹತ್ತಿಕೊಂಡಿತ್ತು. ರೊಟ್ಟಿಯ ಮೇಲೆ ರೊಟ್ಟಿ ತಿಂದರೂ ಅಂಗಿಯ ಭುಜ ಜಾರುತ್ತಿತ್ತು. ನೆದರಾಗಿದೆ, ಯಾರದೋ ದೃಷ್ಟಿ ತಾಗಿದೆ ಎಂದು ನನ್ನ ಅತ್ತೆ ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದರು. ಹುಳ ಇರಬೇಕು ಎಂದು ತಾಯಿ ಔಷಧಿ ಕುಡಿಸಿದಳು. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಕಾಯಿಲೆ ಅಂತ ತಿಳಿಯಿತು. ಮುದುಕರಿಗೆ ಬರುವಂಥದ್ದಲ್ಲ, ಮಕ್ಕಳಿಗೆ ಬರುವಂಥದ್ದು. ಮೈಯಲ್ಲಿ ಇನ್ಸುಲಿನ್ ಹುಟ್ಟುವುದೇ ನಿಂತುಹೋಗುತ್ತದಂತೆ.

ಕಲಬುರಗಿಯ ಡಾಕ್ಟರಮ್ಮ ಆಗ ನಮಗೆಲ್ಲ ತಿಳಿಯುವ ಹಾಗೆ ಹೇಳಿದ್ದರು. "ಬುಟ್ಟಿ ತುಂಬ ರೊಟ್ಟಿ ಪಡಸಾಲ್ಯಾಗ ಇಟ್ಟಾರ. ಹಸದವರು ಒಳಗಿನ ಕೋಣ್ಯಾಗ ಕೂತಾರ. ನಡುವಿನ ಕದ ತೆಗಿಯೋರಿಲ್ಲ. ಇನ್ಸುಲಿನ್ ಅಂದ್ರ ಆ ಕದ ತೆಗಿಯೋ ಕೈ." ಎಲ್ಲರೂ ತಲೆ ಆಡಿಸಿದರು. ನನ್ನ ನೆಗೆಣ್ಣಿ, ಅಂದರೆ ಹುಡುಗಿಯ ತಾಯಿ, ಎಲ್ಲರಿಗಿಂತ ಹೆಚ್ಚು ಆಡಿಸಿದಳು. ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ ಅವಳು ಆಡಿದ ಮೊದಲ ಮಾತು: "ಹೆಣ್ಣ ಹುಡುಗಿ. ಊರಾಗ ಯಾರಿಗೂ ಗೊತ್ತಾಗಬಾರದು ನೋಡ್ರಿ."

ಯಾರಿಗೂ ಗೊತ್ತಾಗಲಿಲ್ಲ. ನಮ್ಮ ಮನೆಯ ಫ್ರಿಜ್ಜಿನ ಬಾಗಿಲಲ್ಲಿ, ನಿಂಬೆಹಣ್ಣಿನ ಪಕ್ಕದಲ್ಲಿ ರಾಜಾರೋಷವಾಗಿ ನಿಲ್ಲುವ ಇನ್ಸುಲಿನ್ ಬಾಟಲಿ, ಕಮಲಾಪುರಕ್ಕೆ ಹೋದರೆ ಸ್ಟೀಲಿನ ಡಬ್ಬಿಯೊಳಗೆ, ಡಬ್ಬಿ ಮೊಸರಿನ ಪಾತ್ರೆಯ ಹಿಂದೆ. ಹುಡುಗಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಸೂಜಿ ಚುಚ್ಚಿಕೊಳ್ಳುತ್ತಿದ್ದಳು. ಕಳ್ಳತನ ಮಾಡುವವರ ಹಾಗೆ. ತನ್ನ ಹೊಟ್ಟೆಗೆ, ತನ್ನ ಕೈಯಿಂದ.

ಈ ಸಲ ನವರಾತ್ರಿಗೆ ಅವಳು ಊರಿಗೆ ಹೋದಳು. ಅದೇ ಊರಿನ ಒಂದು ಮನೆಯಿಂದ ಹೆಣ್ಣು ಕೇಳುವ ಮಾತು ನಡೆದಿತ್ತು. ಹುಡುಗನ ಸೋದರತ್ತೆಯ ಮನೆ ನಮ್ಮವರ ಮನೆಗೆ ಎರಡೇ ಹೆಜ್ಜೆ. ಆಕೆ ದಿನಾ ಸಂಜೆ ಆರತಿಗೆ ಬರುವಾಕೆ. ಬಂದವಳು ಆರತಿ ಮುಗಿದ ಮೇಲೂ ಏಳುವುದಿಲ್ಲ. ಅಡುಗೆಮನೆ, ಹಿತ್ತಲು, ಬಚ್ಚಲು ಎಲ್ಲ ಒಮ್ಮೆ ಕಣ್ಣಾಡಿಸಿಯೇ ಹೋಗುವಾಕೆ.

ನಮ್ಮ ಕಡೆ ನವರಾತ್ರಿಗೆ ಘಟ ಹಾಕುತ್ತಾರೆ. ದೇವರ ಮುಂದೆ ಮಣ್ಣು ಹರವಿ, ಕಾಳು ಬಿತ್ತಿ, ನಡುವೆ ನೀರು ತುಂಬಿದ ಮಣ್ಣಿನ ಗಡಿಗೆ ಇಟ್ಟು ಪಕ್ಕದಲ್ಲಿ ಆರದ ದೀಪ. ಘಟ ಏಳುವ ತನಕ ಮನೆಯ ಹೆಂಗಸರ ಉಪವಾಸ. ಗಂಡಸರ ಉಪವಾಸ ಯಾಕಿಲ್ಲ ಅಂತ ನಾನು ಮದುವೆಯಾದ ಹೊಸತರಲ್ಲಿ ಕೇಳಿದ್ದೆ. "ಅವರು ದುಡಿತಾರ" ಅಂದಿದ್ದರು ಅತ್ತೆ. ರೊಟ್ಟಿ ಬಡಿಯುತ್ತ ಅಂದಿದ್ದರು.

ಹುಡುಗಿಯೂ ಉಪವಾಸ ಹಿಡಿಯಲಿ, ಹುಡುಗನ ಮನೆಯವರ ಕಣ್ಣಿಗೆ ಚೆಂದ ಕಾಣುತ್ತದೆ ಅಂತ ತಾಯಿ ಠರಾಯಿಸಿದಳು. ನನಗೆ ಫೋನು ಬಂದಾಗ ನಾನು ಬಿಡಿಸಿ ಬಿಡಿಸಿ ಹೇಳಿದೆ. "ಅಕ್ಕಾ, ಡಾಕ್ಟರ್ ಅವ್ರ್ನ ಕೇಳದೆ ಉಪಾಸ ಬ್ಯಾಡ್ರಿ. ಏನೇ ಆದ್ರೂ ಇನ್ಸುಲಿನ್ ಮಾತ್ರ ನಿಲ್ಲಸಬ್ಯಾಡ್ರಿ. ಉಣಲಿಲ್ಲ ಅಂದ್ರೂ ಅದು ಬೇಕ." ಅವಳು, "ಆತೇಳು, ನಾ ಏನ್ ಹುಚ್ಚಿ ಇದ್ದೀನಾ? ನೀ ಫಿಕರ್ ಮಾಡಬ್ಯಾಡ" ಅಂದಳು. ಮುಂದಿನ ದಿನಗಳಲ್ಲಿ ಹುಡುಗಿಗೆ ಫೋನು ಮಾಡಿದರೆ ತಾಯಿಯೇ ಎತ್ತುತ್ತಿದ್ದಳು. "ಮಲಗ್ಯಾಳ." "ಗುಡಿಗಿ ಹೋಗ್ಯಾಳ." "ಸೂಜಿ ತಗೊಂಡಾಳ್ರಿ?" ಅಂದರೆ, "ಹೂಂ, ಆಗ್ಯಾದ."

ಆಗಿರಲಿಲ್ಲ.

ಅಷ್ಟಮಿಗೆ ನಾನು, ನನ್ನ ಗಂಡ ಕಾರಿನಲ್ಲಿ ಹೋದೆವು. ಪಡಸಾಲೆ ತುಂಬ ಹೆಂಗಸರು. ಹುಡುಗನ ಸೋದರತ್ತೆ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಅತ್ತೆ ನನ್ನ ಕೈ ಹಿಡಿದು ನೇರ ಘಟದ ಮುಂದೆ ನಿಲ್ಲಿಸಿದರು. "ನೋಡು, ಈ ವರ್ಷ ಹ್ಯಾಂಗ ಎದ್ದಾವ! ಮನ್ಯಾಗ ಶುಭ ಆಗ್ತದ." ಸಸಿಗಳು ಗೇಣುದ್ದ ಎದ್ದಿದ್ದವು, ಬಿಸಿಲು ಕಾಣದೆ ತಿಳಿಹಳದಿ, ಗಾಜಿನಂಥ ಕಾಂಡ. ಬುಡದಲ್ಲಿ ಕಾಳಿನ ಸಿಪ್ಪೆ ಮಾತ್ರ ಸುಕ್ಕುಗಟ್ಟಿ ಉಳಿದಿತ್ತು.

ಶಾಲೆಯಲ್ಲಿ ವಿಜ್ಞಾನ ಹೇಳುತ್ತಿದ್ದ ಸಿಸ್ಟರ್ ಒಮ್ಮೆ ಮೊಳಕೆಯೊಡೆದ ಕಡಲೆಯನ್ನು ಥರ್ಮಾಸಿನಲ್ಲಿ ತುಂಬಿಟ್ಟು, ಮರುದಿನ ನಮ್ಮೆಲ್ಲರ ಬೆರಳನ್ನು ಒಳಗೆ ಹಾಕಿಸಿದ್ದರು. ಬೆಚ್ಚಗಿತ್ತು. ಒಲೆಯಿಲ್ಲ, ಬೆಂಕಿಯಿಲ್ಲ. ಕಾಳು ತನ್ನೊಳಗೆ ಕೂಡಿಟ್ಟದ್ದನ್ನು ತಾನೇ ಉರಿಸಿಕೊಂಡು ಮೊಳೆಯುತ್ತದೆ, ಜೀವ ಇರುವ ತನಕ ಆ ಉರಿ ಆರುವುದಿಲ್ಲ ಅಂದಿದ್ದರು. ಘಟದ ಮುಂದೆ ನಿಂತಾಗಲೆಲ್ಲ ನನ್ನ ಬೆರಳಿಗೆ ಆ ಬಿಸಿ ನೆನಪಾಗುತ್ತದೆ.

"ಹುಡುಗಿ ಎಲ್ಲಿ?" ಅಂದೆ.

"ಒಳಗ ಅಡ್ಡಾಗ್ಯಾಳ. ಪಿತ್ತ ಕೆರಳ್ಯಾದ. ಉಪಾಸ ನೋಡು, ರೂಢಿ ಇಲ್ಲ" ಅಂದಳು ನೆಗೆಣ್ಣಿ, ನನ್ನ ಮುಖ ನೋಡದೆ.

ಒಳಗಿನ ಕೋಣೆ ಅಂದರೆ ಬಾಳೆಗೊನೆ ಹಣ್ಣಿಗೆ ಹಾಕುವ ಕೋಣೆ. ಕಮಲಾಪುರದ ಕೆಂಪು ಬಾಳೆಹಣ್ಣಿನ ವಾಸನೆ ಆ ಮನೆಯ ಗೋಡೆಗೇ ಹತ್ತಿದೆ. ಆ ಮನೆಯವರ ಮೂಗಿಗೆ ಅದು ತಿಳಿಯುವುದೇ ಇಲ್ಲ. ನಾನು ಕದ ತೆಗೆದಾಗಲೂ ಅದೇ ವಾಸನೆ. ಕಳಿತು ಸಿಪ್ಪೆ ಕಪ್ಪಾದ ಹಣ್ಣಿನದು, ಅದರೊಳಗೆ ಒಂದಿಷ್ಟು ಹುಳಿ, ಉಗುರಿನ ಬಣ್ಣ ಒರೆಸುವ ನೀರಿನಂಥ ಘಾಟು. ಕೋಣೆಯ ಸುತ್ತ ನೋಡಿದೆ. ಒಂದು ಗೊನೆಯೂ ಇಲ್ಲ. ಹಬ್ಬದ ಮಾರಾಟಕ್ಕೆ ಎಲ್ಲ ಹೇರಿಕೊಂಡು ಹುಡುಗಿಯ ತಂದೆ ಪೇಟೆಗೆ ಹೋಗಿದ್ದರು. ನೆಲ ಸಾರಿಸಿ ಚೊಕ್ಕ ಮಾಡಿದ್ದರು.

ವಾಸನೆ ಹುಡುಗಿಯ ಉಸಿರಿನದು.

ಓಡಿ ಬಂದವರ ಹಾಗೆ ಅವಳು ಆಳವಾಗಿ, ಬಿರುಸಾಗಿ ಉಸಿರಾಡುತ್ತಿದ್ದಳು. ಮಲಗಿದ್ದಾಳೆ, ಆದರೆ ಎದೆ ಓಡುತ್ತಿದೆ. ತುಟಿ ಒಡೆದಿತ್ತು. ತಲೆಯ ಹತ್ತಿರ ಬಕೆಟ್ಟು, ಕಾಲ ಹತ್ತಿರ ಖಾಲಿ ತಂಬಿಗೆಗಳು, ಗಿಂಡಿಯಲ್ಲಿ ಅರ್ಧ ಕುಡಿದ ಬೆಲ್ಲದ ಪಾನಕ. ಪಿತ್ತಕ್ಕೆ ಅಂತ ಕೊಟ್ಟದ್ದು. ಬೆಲ್ಲದ ಪಾನಕ! "ಕಾಕು" ಅಂದಳು. ಮುಂದಿನ ಮಾತು ಬರಲಿಲ್ಲ.

ಅವಳ ಚೀಲದಲ್ಲಿದ್ದ ಸಕ್ಕರೆ ನೋಡುವ ಯಂತ್ರ ತೆಗೆದು ಬೆರಳು ಚುಚ್ಚಿದೆ. ಅಂಕಿ ಬರಲಿಲ್ಲ, ಅಳತೆ ಮೀರಿದರೆ ತೋರಿಸುವ ಅಕ್ಷರಗಳು ಬಂದವು. ಇನ್ಸುಲಿನ್ ಡಬ್ಬಿ ಚೀಲದ ತಳದಲ್ಲಿ ಲಂಗದಲ್ಲಿ ಸುತ್ತಿಟ್ಟದ್ದು ಸಿಕ್ಕಿತು. ಬೆಚ್ಚಗಾಗಿತ್ತು. ಹಬ್ಬಕ್ಕೆ ನಾನೇ ಕೊಟ್ಟು ಕಳಿಸಿದ ಬಾಟಲಿ ಸೀಲು ಒಡೆಯದೆ ಹಾಗೇ ಇತ್ತು.

"ಅಕ್ಕಾ, ಯಾವಾಗಿಂದ ನಿಲ್ಲಿಸೀರಿ?"

ನೆಗೆಣ್ಣಿ ಕದ ಮುಂದೆ ಮಾಡಿದಳು, ದನಿ ಹೊರಗೆ ಹೋಗಬಾರದು ಅಂತ. "ಉಪಾಸ ಹಿಡದಾಗಿಂದ. ನೀನೇ ಹೇಳು, ಹೊಟ್ಟಿಗಿ ಕೂಳೇ ಹಾಕಿಲ್ಲ ಅಂದ್ಮ್ಯಾಲ ಸಕ್ಕರಿ ಎಲ್ಲಿಂದ ಬರ್ತದ? ಸಕ್ಕರಿ ಇಲ್ಲಂದ್ರ ಸೂಜಿ ಯಾಕ? ಆಕಿ ದಿನಾ ಬರ್ತಾಳ ಹೊರಗ ಕೂತಾಕಿ, ಬಚ್ಚಲಕ್ಕೂ ಹಣಿಕಿ ಹಾಕ್ತಾಳ. ದೇವೀನೇ ದಾರಿ ತೋರಿಸ್ಯಾಳ ಅನಕೊಂಡೆ. ಹುಡುಗಿ ಬ್ಯಾಡ ಅಂದ್ಳು, ನಾನೇ ಆಣಿ ಹಾಕಿ ನಿಲ್ಲಿಸಿದೆ. ಉಪಾಸಕ್ಕ ಉಪಾಸ, ಸೂಜಿಗಿ ಸೂಜಿ ಉಳೀತು."

ಕೇಳಿದರೆ ಎಷ್ಟು ಸರಿಯಾಗಿದೆ ಲೆಕ್ಕ! ಒಲೆ ಹಚ್ಚದಿದ್ದರೆ ಗ್ಯಾಸು ಉಳಿಯುತ್ತದೆ ಅಂದ ಹಾಗೆ. ಆದರೆ ಮೈಯ ಒಲೆಯನ್ನು ಆರಿಸಲು ಯಾರ ಕೈಯಲ್ಲೂ ಆಗುವುದಿಲ್ಲ. ಉಣ್ಣದಿದ್ದರೆ ಯಕೃತ್ತು ತಾನೇ ಸಕ್ಕರೆ ಮಾಡಿ ರಕ್ತಕ್ಕೆ ಸುರಿಯುತ್ತದೆ, ಮನೆಯವರು ಹಸಿದಿದ್ದಾರಲ್ಲ ಅಂತ. ಕದ ತೆಗೆಯುವ ಕೈಯನ್ನೇ ಕಟ್ಟಿಹಾಕಿದರೆ ಆ ಸಕ್ಕರೆಯೂ ಪಡಸಾಲೆಯಲ್ಲೇ ಕೊಳೆಯುತ್ತದೆ. ಆಗ ಒಳಗಿನವರು ಮನೆಯ ತೊಲೆ ಜಂತಿ ಕಿತ್ತು ಉರಿಸುತ್ತಾರೆ. ಮೈಯ ಕೊಬ್ಬು ಅದೇ. ಆ ಉರಿಯ ಹೊಗೆ ರಕ್ತವನ್ನು ಹುಳಿ ಮಾಡುತ್ತದೆ. ಹುಳಿಯನ್ನು ಹೊರಹಾಕಲು ಉಸಿರು ಓಡುತ್ತದೆ. ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆ ಬರುತ್ತದೆ. ಇದನ್ನೆಲ್ಲ ಡಾಕ್ಟರಮ್ಮ ಹೇಳುವಾಗ ಇವಳೂ ಅಲ್ಲೇ ಇದ್ದಳು. ತಲೆ ಆಡಿಸಿದ್ದಳು.

"ಕಲಬುರಗಿಗಿ ಒಯ್ಯಬೇಕು. ಈಗಿಂದೀಗ" ಅಂದೆ. ನನ್ನ ಗಂಡ ಕಾರು ತಿರುಗಿಸಲು ಓಡಿದರು. ನಾನು ಹುಡುಗಿಯ ಕಂಕುಳಲ್ಲಿ ಕೈ ಹಾಕಿ ಎಬ್ಬಿಸಿದೆ. ನೆಗೆಣ್ಣಿ ಇನ್ನೊಂದು ಕಡೆ ಹಿಡಿದಳು. ಪಡಸಾಲೆಯ ಕಡೆ ತಿರುಗಿದೆವೋ ಇಲ್ಲವೋ ನನ್ನ ರಟ್ಟೆ ಹಿಡಿದು ಜಗ್ಗಿದಳು.

"ಹಿಂದಿನ ಬಾಗಲಿಂದ ಒಯ್ಯೋಣು. ನಿನ ಕಾಲಿಗಿ ಬೀಳ್ತೀನಿ. ಗಾಡಿ ಹಿತ್ತಲ ಕಡೆ ಸುತ್ತಿ ತರಲಿ."

ಹಿತ್ತಲ ಕಡೆ ತೋಟದ ಕೆಂಪು ಮಣ್ಣು ಮಳೆಗೆ ಕೆಸರಾಗಿತ್ತು. ಕಾರು ಬರುವ ದಾರಿಯೇ ಅಲ್ಲ. ಹುಡುಗಿಯ ತಲೆ ನನ್ನ ಹೆಗಲ ಮೇಲೆ ಬಿದ್ದಿತ್ತು. ಆ ಸಿಹಿ ಉಸಿರು ನನ್ನ ಕುತ್ತಿಗೆಗೆ ಬಡಿಯುತ್ತಿತ್ತು. ಆಗ ನನ್ನೊಳಗೆ ಏನು ಕಿತ್ತುಹೋಯಿತೋ.

ಕದವನ್ನು ಕಾಲಿನಿಂದ ಒದ್ದೆ. ಸಿಸ್ಟರುಗಳು ನೋಡಿದ್ದರೆ ಏನನ್ನುತ್ತಿದ್ದರೋ. ಪಡಸಾಲೆಯ ನಡುವೆ ಹೆಂಗಸರ ಮಧ್ಯದಿಂದ ಹುಡುಗಿಯನ್ನು ನಡೆಸಿಕೊಂಡು ಬಂದೆ. ಯಾರದೋ ಕುಂಕುಮದ ಬಟ್ಟಲು ಉರುಳಿತು. ಸೋದರತ್ತೆ ಚಾಚಿದ ಕಾಲನ್ನು ಎಳೆದುಕೊಂಡು, "ಯವ್ವಾ, ಏನಾಗ್ಯಾದ ಹುಡುಗಿಗಿ?" ಅಂದಳು.

"ಏನಿಲ್ರೀ, ಪಿತ್ತ..." ಹಿಂದಿನಿಂದ ನೆಗೆಣ್ಣಿ.

"ಪಿತ್ತ ಅಲ್ಲ!" ಚೀರಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಸಕ್ಕರಿ ಕಾಯಿಲೆ ಅದ ಈಕಿಗಿ. ಸಣ್ಣಾಕಿ ಇದ್ದಾಗಿಂದ ಅದ. ದಿನಾ ಇನ್ಸುಲಿನ್ ತಗೋತಾಳ, ನಗ್ತಾಳ, ಓದ್ತಾಳ, ಎಲ್ಲಾ ಮಾಡ್ತಾಳ. ನೀವು ನೋಡ್ತೀರಿ ಅಂತ ಅದನ್ನ ಬಂದ್ ಮಾಡಿ ಕೊಲ್ಲಲಕತ್ತಾರ. ಈಗ ನೋಡ್ರಿ. ಕಣ್ತುಂಬ ನೋಡ್ರಿ!"

ಅತ್ತೆ ಘಟದ ದೀಪಕ್ಕೆ ಎಣ್ಣೆ ಹಾಕುತ್ತಿದ್ದವರು ಎಣ್ಣೆಯ ಹುಟ್ಟು ಹಿಡಿದುಕೊಂಡೇ ನಿಂತಿದ್ದರು. ಎಣ್ಣೆ ಸಸಿಗಳ ಮೇಲೆ ಸೋರುತ್ತಿತ್ತು. ಸಿಟ್ಟಿನಲ್ಲೂ ನನ್ನ ಕಣ್ಣಿಗೆ ಇಂಥವೇ ಬೀಳುತ್ತವೆ.

ಹೈವೇ ಹಿಡಿದೆವು. ಹಿಂದಿನ ಸೀಟಿನಲ್ಲಿ ಹುಡುಗಿಯ ತಲೆ ನನ್ನ ತೊಡೆಯ ಮೇಲೆ; ಅವಳ ಪಾದ ತಾಯಿಯ ಮಡಿಲಲ್ಲಿ. ನೆಗೆಣ್ಣಿ ಪಾದ ತಿಕ್ಕುತ್ತ ಅಳುತ್ತಿದ್ದಳು. ಆ ಅಳುವಿಗೂ ನನಗೆ ಕರುಣೆ ಬರಲಿಲ್ಲ. ದವಾಖಾನೆಯಲ್ಲಿ ಡಾಕ್ಟರಮ್ಮ ಹುಡುಗಿಯ ಮುಖದ ಹತ್ತಿರ ಬಗ್ಗಿದವರೇ, ಏನೂ ಕೇಳದೆ, ಒಳಗೆ ಒಯ್ಯಲು ಹೇಳಿದರು. ಸಲೈನು, ನರದೊಳಗೆ ಇನ್ಸುಲಿನ್ನು. ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದು, "ಇನ್ನೊಂದಿಷ್ಟು ತಡ ಆಗಿದ್ರ ಕೈಯಾಗ ಇರ್ತಿದ್ದಿಲ್ಲ. ಯಾರು ನಿಲ್ಲಿಸಿದ್ದು?" ಅಂದರು. ನೆಗೆಣ್ಣಿ, "ಉಣ್ಣಲಿಲ್ರೀ ಆಕಿ, ಅದಕ್ಕ..." ಅಂದಳು.

"ಉಣಲಿಲ್ಲಂತ ಉಸಿರಾಡೋದು ನಿಲ್ಲಿಸಿದ್ಲೇನ್ರೀ?" ಅಂದರು ಡಾಕ್ಟರಮ್ಮ.

ದಸರೆಯ ದಿನ ಹುಡುಗಿ ವಾರ್ಡಿನಲ್ಲಿ ಎದ್ದು ಕೂತಿದ್ದಳು. ಬನ್ನಿ ಕೊಡಲು ಅತ್ತೆ ಕಮಲಾಪುರದಿಂದ ಬಂದರು. ಕೈಯಲ್ಲಿ ಬನ್ನಿ ಎಲೆ, ಒದ್ದೆ ಬಟ್ಟೆಯಲ್ಲಿ ಸುತ್ತಿದ, ದಸರೆಗೆ ಪ್ರಸಾದವಾಗಿ ಮುಡಿಸುವ ಘಟದ ಸಸಿ. ಬಂದವರೇ ಸುದ್ದಿ ಹೇಳಿದರು: ಹುಡುಗನ ಮನೆಯವರು ಕುಂಡಲಿ ಕೂಡುವುದಿಲ್ಲ ಅಂತ ಹೇಳಿ ಕಳಿಸಿದ್ದಾರೆ.

ನೆಗೆಣ್ಣಿ ನನ್ನ ಕಡೆ ತಿರುಗಿದಳು. "ಆತಲ್ಲ ಸಮಾಧಾನ? ಇನ್ನ ಯಾರ್ ಮಾಡ್ಕೋತಾರ ಈಕೀನ?"

ನನಗೆ ಮತ್ತೆ ಉರಿಯಿತು. "ಮಾಡ್ಕೊಳ್ಳಾಕ ಮೊದಲ ಹುಡುಗಿ ಇರಬೇಕಲ್ರಿ ಅಕ್ಕಾ" ಅಂದೆ. ಈ ಸಲ ದನಿ ಇಳಿಸಿಯೇ ಅಂದೆ. ಇಳಿಸಿದ ದನಿ ಚೀರಿದ್ದಕ್ಕಿಂತ ಕೆಟ್ಟದಾಗಿತ್ತು. ಅವಳು ಮುಖಕ್ಕೆ ಸೆರಗು ಹಚ್ಚಿದಳು.

ಅಷ್ಟರಲ್ಲಿ ಊಟದ ತಟ್ಟೆ ಬಂತು. ಅನ್ನ, ಬೇಳೆ, ಒಂದು ಚಪಾತಿ. ಹುಡುಗಿ ನರ್ಸ್ ಕಡೆ ಕೈ ಚಾಚಿ, "ನಾನೇ ತಗೋತೀನ್ರಿ" ಅಂತ ಸೂಜಿ ಇಸಕೊಂಡಳು. ನೆಗೆಣ್ಣಿ ರೂಢಿಯಂತೆ ಎದ್ದು ಮಂಚದ ಪರದೆ ಎಳೆಯಲು ಹೋದಳು. ಪಕ್ಕದ ಮಂಚದವರು ನೋಡುತ್ತಿದ್ದರು.

"ಅವ್ವಾ, ಪರದೆ ಬಿಡು" ಅಂದಳು ಹುಡುಗಿ.

ಅಂಗಿಯ ಅಂಚು ಎತ್ತಿ, ಹೊಟ್ಟೆಯ ಚರ್ಮ ಚಿವುಟಿ ಹಿಡಿದು ಚುಚ್ಚಿಕೊಂಡಳು. ಅತ್ತೆ ಮುಖ ಗೋಡೆಯ ಕಡೆ ತಿರುಗಿಸಿದ್ದರು. "ಆಯಿ, ಈ ಕಡೆ ನೋಡು. ನೋಡಿದ್ರ ಏನಾಗಂಗಿಲ್ಲ" ಅಂದಳು. ಅಜ್ಜಿ ಮೆಲ್ಲಗೆ ತಿರುಗಿ, ಮೊಮ್ಮಗಳ ಹೊಟ್ಟೆಯ ಮೇಲಿನ ಹಳೆಯ ಸೂಜಿಯ ಗುರುತುಗಳನ್ನೆಲ್ಲ ಮೊದಲ ಸಲ ನೋಡಿದರು. ಇಷ್ಟು ವರ್ಷಗಳಲ್ಲಿ ಮೊದಲ ಸಲ. ಅವರ ಕೈಯಲ್ಲಿದ್ದ ಸಸಿ ಬಾಡಲು ಶುರುವಾಗಿತ್ತು. ಅದನ್ನು ಮೊಮ್ಮಗಳ ಹೆರಳಿಗೆ ಸಿಕ್ಕಿಸಲು ಕೈ ಎತ್ತಿದವರು, ತಡೆದು, ನನ್ನನ್ನು ನೋಡಿದರು. ಕೇಳುವ ಹಾಗೆ.

ಹುಡುಗಿ ತಲೆ ಬಗ್ಗಿಸಿ ಸಸಿ ಮುಡಿಸಿಕೊಂಡಳು. ಆಮೇಲೆ ತಟ್ಟೆ ಹತ್ತಿರ ಎಳೆದು ಚಪಾತಿ ಮುರಿದಳು. ಅವಳು ಅಗಿಯುವುದನ್ನೇ ನೋಡುತ್ತ, ಹತ್ತಿರ ಬಗ್ಗಿ ಅವಳ ಉಸಿರು ಮೂಸಿದೆ.

ಬೇಳೆಯ ವಾಸನೆ ಬಂತು. ಬೇಳೆಯದಷ್ಟೇ.