ಅವ್ವ ಎಣ್ಣೆ ಬಿಟ್ಟ ಏರ್‌ಗನ್

ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆ ಬೆಂಕಿ ಹಾಕುವ ಮೊದಲು ಗೋಡೆಯ ಬಿರುಕುಗಳಿಗೆ ಮಣ್ಣು ಮೆತ್ತುವುದು ಈಗ ನನ್ನ ಪಾಲಿನ ಕೆಲಸ. ಕಾವು ಸೋರಿದರೆ ಸೊಪ್ಪು ಹದಕ್ಕೆ ಬರುವುದಿಲ್ಲ. ಮೊನ್ನೆ ಹಿಂಗೋಡೆಯ ಹಳೆ ಮಣ್ಣು ಕೆರೆಯುತ್ತಿದ್ದಾಗ ಉಗುರಿಗೆ ಏನೋ ಗಟ್ಟಿಯಾಗಿ ಸಿಕ್ಕಿತು. ತೆಗೆದು ನೋಡಿದರೆ ಚಪ್ಪಟೆಯಾದ ಸೀಸದ ಚರೆ. ಅತ್ತಿಗೆಯ ಏರ್‌ಗನ್ನಿನದು... ಹಾಳಾದ್ದು, ಸೊಂಟ ಬಿದ್ದುಹೋಗುವಷ್ಟು ಕೆಲಸ ಇರುವಾಗಲೇ ಇದೂ ಸಿಗಬೇಕಿತ್ತೆ.

ಅತ್ತಿಗೆ ಎಂದರೆ ನಮ್ಮಣ್ಣನ ಹೆಂಡತಿ, ಕೆ.ಆರ್. ನಗರದ ಕಡೆಯವರು. ಕಾಲೇಜಿನಲ್ಲಿ ಎನ್‌ಸಿಸಿ ಸೇರಿ ರೈಫಲ್ ಹಿಡಿದಿದ್ದರಂತೆ. ಹುಣಸೂರಿನ ಹತ್ತಿರದ ನಮ್ಮ ಹಳ್ಳಿಗೆ ಸೊಸೆಯಾಗಿ ಬಂದ ಮೇಲೆ ಹಿಡಿದದ್ದು ಕುಡುಗೋಲು, ದನದ ಹಗ್ಗ. ನಾನು ಗಂಡನನ್ನು ಕಳೆದುಕೊಂಡು ತವರಿಗೆ ಬಂದ ವರ್ಷ ಅವರು ಯಾರಿಂದಲೋ ಹಳೆಯದೊಂದು ಏರ್‌ಗನ್ ತರಿಸಿಕೊಂಡರು. ಬ್ಯಾರನ್ ಖಾಲಿ ಇರುವ ತಿಂಗಳುಗಳಲ್ಲಿ ಹಿಂಗೋಡೆಗೆ ಹಲಗೆ ನಿಲ್ಲಿಸಿ, ಅದಕ್ಕೆ ಕಾಗದ ಅಂಟಿಸಿ, ಅಂಗಳದಲ್ಲಿ ನಿಂತು ಬಾಗಿಲೊಳಗೆ ಗುರಿ ಹಿಡಿಯುತ್ತಿದ್ದರು. ಹಕ್ಕಿಗೆ ಒಂದು ದಿನವೂ ಹೊಡೆದವರಲ್ಲ. ಆದರೂ ಊರವರು ‘ಇವಳನ್ನ ಕೊಡಗಿಗೆ ಕೊಡಬೇಕಿತ್ತು’ ಎಂದು ಆಡಿಕೊಂಡರು. ಅವ್ವನಂತೂ ಆ ಕೋವಿ ಕಂಡರೆ ಮುಖ ಸಿಂಡರಿಸುತ್ತಿದ್ದಳು.

ಆ ಏರ್‌ಗನ್ನೋ, ಸಾಕು ಸಾಕು ಮಾಡುವ ಸಾಮಾನು. ಒಮ್ಮೆ ಚರೆ ತುಂಬಲು ನಳಿಗೆ ಬಗ್ಗಿಸಿದ್ದಾಗಲೇ ಟ್ರಿಗರ್ ತಾಕಿ, ನಳಿಗೆ ಮೇಲಕ್ಕೆ ಚಿಮ್ಮಿದ ಏಟಿಗೆ ಹಿಡಿಯ ಮರ ಸೀಳಿತು. ಅಣ್ಣ ಅಂಟು ಹಚ್ಚಿ ಹುರಿಯಲ್ಲಿ ಬಿಗಿದ. ತುದಿಯ ಗುರಿಮೊನೆ ಬಿದ್ದುಹೋದಾಗ ಅತ್ತಿಗೆ ಮೊಳೆಯ ತುಂಡನ್ನು ಉಜ್ಜಿ ಕೂರಿಸಿದರು. ಒಳಗಿನ ಚರ್ಮದ ವಾಷರ್ ಸವೆದಾಗ ಸೈಕಲ್ ಪಂಪಿನ ವಾಷರ್ ತಂದು ಹಾಕಿದರು. ಇಷ್ಟೆಲ್ಲ ಒದ್ದಾಟ ಯಾಕೆ ಅತ್ತಿಗೆ, ಎತ್ತಿ ಅಟ್ಟಕ್ಕೆ ಹಾಕಿ ಎಂದರೆ ನಗುತ್ತಿದ್ದರು. ಅವರಿಗಿದ್ದ ಆಸೆ ಒಂದೇ. ಒಂದು ಸಲ, ಒಂದೇ ಒಂದು ಸಲ, ಸರಿಯಾದ ಜಾಗದಲ್ಲಿ ನಾಲ್ಕು ಜನರ ಎದುರು ನಿಂತು ಹೊಡೆಯಬೇಕು.

ಒಂದು ವರ್ಷ ಮೈಸೂರಿನಲ್ಲಿ ದಸರಾ ಮುಗಿದ ಮೇಲಿನ ಭಾನುವಾರ ಗುರಿ ಹೊಡೆಯುವ ಸ್ಪರ್ಧೆ ಇದೆಯೆಂದು ಗೊತ್ತಾಯಿತು. ಅವರವರ ಗನ್ ಅವರೇ ತರಬೇಕು. ಅತ್ತಿಗೆ ಹೆಸರು ಕೊಟ್ಟರು.

ಆಯುಧ ಪೂಜೆಯ ದಿನ ಟ್ರ್ಯಾಕ್ಟರು, ಗುದ್ದಲಿ, ಔಷಧಿ ಹೊಡೆಯುವ ಪಂಪು ಎಲ್ಲ ತೊಳೆದು ಸಾಲಾಗಿ ಇಟ್ಟಿದ್ದೆವು. ನೋಡಿದರೆ ಟ್ರ್ಯಾಕ್ಟರಿನ ಚಕ್ರಕ್ಕೆ ಒರಗಿಕೊಂಡು ಏರ್‌ಗನ್ನೂ ನಿಂತಿದೆ, ವಿಭೂತಿ, ಕುಂಕುಮ, ಚೆಂಡುಹೂವು ಸಮೇತ. ಅವ್ವನೇ ತಂದು ಇಟ್ಟಿದ್ದಳು. ಅತ್ತಿಗೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡದ್ದನ್ನು ನಾನು ಕಂಡೆ. ಅಷ್ಟು ವರ್ಷದಲ್ಲಿ ಅವ್ವ ಅದನ್ನು ಮುಟ್ಟಿದ್ದು ಅದೇ ಮೊದಲು.

ಮಾರನೆಯ ಬೆಳಿಗ್ಗೆ ಅತ್ತಿಗೆ ಅಂಗಳದಲ್ಲಿ ನಿಂತು ಗುರಿ ಹಿಡಿದರು. ಪಟ್ ಅನ್ನಬೇಕಾದದ್ದು ಢಂ ಎಂದಿತು. ನಳಿಗೆಯಿಂದ ಹೊಗೆ, ಕಮಟು ವಾಸನೆ, ಕೊಟ್ಟಿಗೆಯ ದನ ಹಗ್ಗ ಜಗ್ಗಿದವು. ಅವ್ವ ಓಡಿ ಬಂದಳು.

“ಏನಾಯ್ತವ್ವಾ? ಅಳ್ಳೆಣ್ಣೆನ ನಳಿಗೆ ಒಳಗಂಟ ಬುಟ್ಟಿದ್ದೆನಲ್ಲ, ಮೈಸೂರಿಗೆ ಹೋಗೋ ಕೋವಿ, ತುಕ್ಕು ಹಿಡೀಬಾರ್ದು ಅಂತ...”

ಅತ್ತಿಗೆ ಗನ್ನನ್ನೂ ಅವ್ವನನ್ನೂ ನೋಡಿದರು. ಏರ್‌ಗನ್ನಿನ ಒಳಕ್ಕೆ ಹರಳೆಣ್ಣೆ ಇಳಿದರೆ ಗಾಳಿ ಒತ್ತುವ ಬಿಸಿಗೆ ಅದು ಹೊತ್ತಿಕೊಳ್ಳುತ್ತದೆ. ವಾಷರ್ ಸುಟ್ಟು ಸ್ಪ್ರಿಂಗ್ ಮುರಿಯುತ್ತದೆ. ಅವರಿಗೆ ಚೆನ್ನಾಗಿ ಗೊತ್ತಿತ್ತು.

“ಒಳ್ಳೇದು ಮಾಡಿದ್ರಿ ಅತ್ತೆ. ಸ್ಪ್ರಿಂಗು ಹಳೇದು, ಹೋಗೋ ಕಾಲ ಬಂದಿತ್ತು ಬುಡಿ,” ಎಂದರು.

ಹಬ್ಬಕ್ಕೆ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಅಣ್ಣ ಬಿಚ್ಚಿದಾಗ ಸ್ಪ್ರಿಂಗು ಹಾರಿ ಕೊಟ್ಟಿಗೆಯ ಹೆಂಚು ಒಡೆಯಿತು. ಮುರಿದ ಎರಡು ತುಂಡುಗಳನ್ನೇ ನಡುವೆ ಬಿಲ್ಲೆ ಇಟ್ಟು ಜೋಡಿಸಿ, ಇನ್ನೊಂದು ಪಂಪಿನ ವಾಷರ್ ಹಾಕಿ ಮುಚ್ಚಿದರು. ಭಾನುವಾರ ಅದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಅತ್ತಿಗೆಯೂ ನಾನೂ ಬಸ್ಸು ಹತ್ತಿದೆವು.

ಸ್ಪರ್ಧೆಯಲ್ಲಿ ಚರೆ ಕಾಗದದವರೆಗೆ ಹೋಗುತ್ತಲೇ ಇರಲಿಲ್ಲ. ಹೋದರೂ ಕೆಳಗೆ, ಇನ್ನೂ ಕೆಳಗೆ. ಪಕ್ಕದವರು ಒಬ್ಬರನ್ನೊಬ್ಬರು ನೋಡಿಕೊಂಡರು. ಬಂದುಬಿಡಿ ಅತ್ತಿಗೆ ಎಂದು ಕೂಗಬೇಕೆನ್ನಿಸಿತು. ಅತ್ತಿಗೆ ಮಾತ್ರ ಅಲ್ಲಿ ಕೊಟ್ಟ ಚರೆಯನ್ನೆಲ್ಲ ಹೊಡೆದು ಮುಗಿಸಿಯೇ ಬಂದರು. ಬಸ್ಸಿನಲ್ಲಿ “ಸುಸ್ತಾಯ್ತು ಕಣೆ” ಎಂದಷ್ಟೇ ಹೇಳಿ ಕಣ್ಣು ಮುಚ್ಚಿದರು... ನಿದ್ದೆಯೇನೂ ಬಂದಿರಲಿಲ್ಲ.

ಮನೆಯಲ್ಲಿ ಅವ್ವ ಕಜ್ಜಾಯ ಸುಟ್ಟು ಕಾಯುತ್ತಿದ್ದಳು. ಅತ್ತಿಗೆ “ಚೆನ್ನಾಗಿ ಹೊಡೆದೆ ಅತ್ತೆ” ಎಂದರು. ಅವ್ವ ಅದನ್ನೇ ಗೆದ್ದದ್ದೆಂದುಕೊಂಡು ಬೀದಿಗೆಲ್ಲ ಕಜ್ಜಾಯ ಹಂಚಿದಳು. ಅಣ್ಣ ಗೋಣಿಚೀಲವನ್ನು ಬಿಚ್ಚದೆ ಎತ್ತಿ ಅಟ್ಟಕ್ಕೆ ಇಟ್ಟ. ನನಗಂತೂ ಮೈಯೆಲ್ಲ ಉರಿಯಿತು. ಒಂದು ಸಲವಾದರೂ ಅತ್ತಿಗೆ ರೇಗಿದ್ದರೆ, ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಮುಂದಿನ ದಸರಾ ಹೊತ್ತಿಗೆ ಅವರು ಹಾಸಿಗೆ ಹಿಡಿದಿದ್ದರು. ಅದರ ಮುಂದಿನದನ್ನು ನೋಡಲಿಲ್ಲ.

ನಿನ್ನೆ ಕೆಲಸ ಮುಗಿಸಿ ಜಗಲಿಗೆ ಬಂದು ಕೂತಾಗ ಅವ್ವ ಪಕ್ಕದ ಮನೆಯವರಿಗೆ ಅದೇ ಮಾತು ಹೇಳುತ್ತಿದ್ದಳು. ಈಗ ಅವಳಿಗೆ ಕಣ್ಣು ಮಂಜು, ಆದರೆ ಇದೊಂದು ಮರೆತಿಲ್ಲ.

“ನನ್ ಕೈಯಾರೆ ಎಣ್ಣೆ ಬುಟ್ಟು ಕಳ್ಸಿದ್ದೆ ಕಣ್ರೀ. ಅದ್ಕೇ ಗೆದ್ಕಂಡು ಬಂದ್ಲು ನನ್ ಸೊಸೆ. ಅಲ್ವೇನೆ?”

“ಹೂಂ ಕಣವ್ವ,” ಅಂದೆ.

ಒಳಗೆ ಹೋಗಿ ಕೈ ತೊಳೆಯುವಾಗ ಅಳು ಬಂತು. ಮೈಸೂರಿನಲ್ಲಿ ಏನಾಯಿತೆಂದು ಗೊತ್ತಿದ್ದವರು ಅತ್ತಿಗೆಯೂ ನಾನೂ ಇಬ್ಬರೇ. ನೀವಿದ್ದಾಗ ಅವ್ವ ಹೀಗಂದರೆ ನೀವೊಮ್ಮೆ ನನ್ನ ಮುಖ ನೋಡುತ್ತಿದ್ದಿರಿ, ನನಗೆ ಅಷ್ಟೇ ಸಾಕಾಗುತ್ತಿತ್ತು. ಈಗ ಆ ಸುಳ್ಳನ್ನು ನಾನೊಬ್ಬಳೇ ಹೇಳಬೇಕು, ಅತ್ತಿಗೆ.