ನೀಲಿ ಗುಂಡಿ, ಹೊಸೂರಿನ ವಿರಹ

ನಡೆದದ್ದು ಇಷ್ಟೆ. ಆ ಹುಡುಗನಿಗೆ ಬಾಯಿ ಬಿಟ್ಟು ಹೇಳಲು ಬರಲಿಲ್ಲ, ನಮ್ಮ ಹುಡುಗಿಗೆ ಕೇಳಲು ಬರಲಿಲ್ಲ, ನಡುವೆ ಒಂದು ಅಂಗಿಯ ಗುಂಡಿ ಕಿತ್ತು ಬಂತು. ಇಷ್ಟಕ್ಕೆ ನಮ್ಮ ಮನೆಯಲ್ಲಿ ಒಂದು ಹೊತ್ತಿನ ಮುದ್ದೆ ಹಾಗೇ ಉಳಿಯಿತು. ಜಪಾನಿನವರ ಹಾಡು ಎಂದರೆ ಇದೇ ಎಂದು ನಾನು ತಿಳಿದುಕೊಂಡಿದ್ದೇನೆ. ತಪ್ಪಿದ್ದರೆ ನೀವು ತಿದ್ದಿ. ನಾನು ಓದಿದ್ದು ನಾಲ್ಕನೇ ಕ್ಲಾಸು.

ಇವತ್ತು ಬೆಳಗ್ಗೆ ಗೇಟಿನ ಮುಂದೆ ಹೂ ಗುಡಿಸುವಾಗ ಇದೆಲ್ಲ ನೆನಪಾಯಿತು. ಸಾರಕ್ಕಿಯ ನಮ್ಮ ಮನೆಯ ಮುಂದೆ ಒಂದು ಮರವಿದೆ. ಚಳಿ ಹಿಂದಾಗುವ ಹೊತ್ತಿಗೆ ಎಲೆಯನ್ನೆಲ್ಲ ಉದುರಿಸಿಕೊಂಡು ಮೈತುಂಬ ಗುಲಾಬಿ ಬಣ್ಣದ ಹೂ ಬಿಡುತ್ತದೆ. ಎಲ್ಲೆಲ್ಲಿಂದಲೋ ಜನ ಬಂದು ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅವರು ಹೋದ ಮೇಲೆ ಗುಡಿಸುವವಳು ನಾನು. ಆ ಹೂವಿಗೆ ವಾಸನೆಯಿಲ್ಲ, ದೇವರಿಗೆ ಏರಿಸುವ ಹಾಗಿಲ್ಲ, ಮುಡಿಯಲು ಬರುವುದಿಲ್ಲ. ಒದ್ದೆಯಾದರೆ ಕಾಲು ಜಾರುತ್ತದೆ. ದಿನಕ್ಕೆ ಎರಡು ಮಂಕರಿ ಕಸ. ಜಪಾನಿನಲ್ಲೂ ಇಂಥದೇ ಒಂದು ಹೂವಂತೆ. ಅಲ್ಲಿ ಅದು ಉದುರಿದರೆ ಹಾಡು ಕಟ್ಟುತ್ತಾರಂತೆ. ಕಟ್ಟಿದವರು ಯಾರೂ ಪೊರಕೆ ಹಿಡಿದಿರಲಾರರು.

ಇದನ್ನೆಲ್ಲ ನನಗೆ ತಿಳಿಸಿದವಳು ಮೊಮ್ಮಗಳು ಸಿಂಚನ. ಹೋದ ವರ್ಷ ಡಿಗ್ರಿಯ ಜೊತೆಗೆ ಭಾನುವಾರ ಭಾನುವಾರ ಜಯನಗರಕ್ಕೆ ಜಪಾನಿ ಭಾಷೆಯ ಕ್ಲಾಸಿಗೆ ಹೋಗುತ್ತಿದ್ದಳು. ಭಾಷೆ ಎಷ್ಟು ಬಂತೋ ಕಾಣೆ, ಅಳು ಪೂರ್ತಿ ಬಂತು. ನಾನು ಅವರೆಕಾಯಿ ಬಿಡಿಸುತ್ತಾ ಕೂತರೆ ಪಕ್ಕದಲ್ಲಿ ಫೋನಿಟ್ಟು ಹಾಡು ಹಾಕುತ್ತಿದ್ದಳು.

“ಏನಂತೇ ಅವನಿಗೆ? ಹೊಟ್ಟೆನೋವಾ?”

“ಬೇರೆ ಆಗ್ತಿದಾರೆ ಅಜ್ಜಿ. ಅಲ್ಲಿ ಸ್ಕೂಲ್ ಮುಗಿಯೋದೇ ಹೂ ಬಿಡೋ ಟೈಮಲ್ಲಿ. ಹೂ ಉದುರುತ್ತೆ, ಅವಳು ಟ್ರೈನ್ ಹತ್ತಿ ಹೋಗ್ತಾಳೆ, ಇವನು ನಿಂತಿರ್ತಾನೆ.”

“ಇನ್ನೊಂದು ಹಾಕು.”

ಹಾಕಿದಳು.

“ಇದರಲ್ಲಿ?”

“ಇದ್ರಲ್ಲಿ ಇವನು ಹೋಗ್ತಾನೆ, ಅವಳು ನಿಂತಿರ್ತಾಳೆ.”

“ಹೋಗ್ಬೇಡ ಅಂತ ಯಾರೂ ಹೇಳಲ್ವಾ?”

“ಹೇಳ್ಬಿಟ್ರೆ ಹಾಡೆಲ್ಲಿರುತ್ತೆ ಅಜ್ಜಿ?”

ಅದೂ ಸರಿಯೆನಿಸಿ ನಾನು ಅವರೆಕಾಯಿ ಬಿಡಿಸಿದೆ.

ಈಗ ಗುಂಡಿಯ ವಿಷಯ. ನಮ್ಮ ಮನೆಯಲ್ಲಿ ಹಳೆಯ ಅಂಗಿ ನೆಲ ಒರೆಸುವ ಬಟ್ಟೆಯಾಗುವ ಮೊದಲು ಅದರ ಗುಂಡಿಗಳನ್ನು ಕತ್ತರಿಸಿ ಒಂದು ಬಿಸ್ಕತ್ತಿನ ಡಬ್ಬಕ್ಕೆ ಹಾಕುತ್ತೇನೆ. ಮದುವೆಯಾಗಿ ಬಂದಾಗಿನಿಂದ ನಡೆದು ಬಂದದ್ದು. ಒಂದು ಸೋಮವಾರ ಮಗ ಬ್ಯಾಂಕಿಗೆ ಹೊರಟು ನಿಂತಾಗ ಅಂಗಿಯ ಗುಂಡಿ ಹಾರಿತು. ಅವನ ಹೊಟ್ಟೆಯ ಮೇಲೆ ಗುಂಡಿ ನಿಲ್ಲುವುದಿಲ್ಲ. ಡಬ್ಬದಲ್ಲಿ ಹುಡುಕಿದರೆ ಆ ಅಳತೆಯದು ಸಿಗಲಿಲ್ಲ. ಸಿಂಚನಳ ಮೇಜಿನ ಮೇಲೆ ಒಂದು ಪುಟ್ಟ ಡಬ್ಬಿ ಇತ್ತು. ತೆಗೆದರೆ ಹತ್ತಿಯ ಮೇಲೆ ಒಂದೇ ಒಂದು ನೀಲಿ ಗುಂಡಿ. ಪರವಾಗಿಲ್ಲ, ನನ್ನ ಬುದ್ಧಿ ಇವಳಿಗೂ ಬಂದಿದೆ ಎಂದು ಸಂತೋಷಪಟ್ಟು ಎರಡೆಳೆ ದಾರದಲ್ಲಿ ಬಿಗಿಯಾಗಿ ಹೊಲಿದು ಕಳಿಸಿದೆ.

ಸಾಯಂಕಾಲ ಅವಳು ಖಾಲಿ ಡಬ್ಬಿ ಹಿಡಿದು ಅಡುಗೆಮನೆಗೆ ಬಂದಳು.

“ಅಜ್ಜಿ, ಇದ್ರಲ್ಲಿ ಒಂದು ಗುಂಡಿ ಇತ್ತು.”

“ನಿಮ್ಮಪ್ಪನ ಹೊಟ್ಟೆ ಮೇಲಿದೆ.”

ಅವಳು ನೆಲದ ಮೇಲೆ ಕೂತುಬಿಟ್ಟಳು. ಆಮೇಲೆ ಒಂದೊಂದಾಗಿ ಹೊರಬಂತು. ಜಪಾನಿನಲ್ಲಿ ಸ್ಕೂಲಿನ ಕೊನೆಯ ದಿನ ಹುಡುಗ ತನ್ನ ಕೋಟಿನ ಎರಡನೇ ಗುಂಡಿ ಕಿತ್ತು ಮನಸ್ಸಿಗೆ ಹಿಡಿಸಿದ ಹುಡುಗಿಗೆ ಕೊಡುತ್ತಾನಂತೆ. ಅದು ಎದೆಗೆ ಹತ್ತಿರದ ಗುಂಡಿಯಂತೆ. ಹಿಂದಿನ ದಿನ ಇವರ ಕ್ಲಾಸು ಮುಗಿದಿತ್ತು. ಜೊತೆಯಲ್ಲಿ ಕಲಿಯುತ್ತಿದ್ದ ಒಬ್ಬ ಹುಡುಗ ಪಾರ್ಕಿನ ಮರದ ಕೆಳಗೆ ತನ್ನ ನೀಲಿ ಅಂಗಿಯ ಗುಂಡಿ ಕಿತ್ತು ಇವಳ ಕೈಯಲ್ಲಿಟ್ಟನಂತೆ. ಏನೂ ಹೇಳಲಿಲ್ಲವಂತೆ. ಇವಳೂ ಹೇಳಲಿಲ್ಲವಂತೆ. ಇಬ್ಬರೂ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ ಅವರವರ ಬಸ್ಸು ಹತ್ತಿದರಂತೆ.

ಅಂದರೆ ಯಾರದೋ ಎದೆಯ ಗುಂಡಿ ದಿನವಿಡೀ ನನ್ನ ಮಗನ ಹೊಟ್ಟೆಯ ಮೇಲೆ ಕೂತು ಬ್ಯಾಂಕಿನ ಕೆಲಸ ಮಾಡಿತ್ತು. ಅವನು ಬಂದ ತಕ್ಷಣ ಬಾಗಿಲಲ್ಲೇ ನಿಲ್ಲಿಸಿ ಬ್ಲೇಡಿನಲ್ಲಿ ದಾರ ಕೊಯ್ದೆ.

“ಇದೇನಮ್ಮ, ಬೆಳಗ್ಗೆ ಹೊಲಿದೆ, ಈಗ ಕೀಳ್ತಿದೀಯ?”

“ಇದು ನಿನಗೆ ಕೊಟ್ಟಿದ್ದಲ್ಲ.”

ಅವನು ಮುಂದೆ ಕೇಳಲಿಲ್ಲ. ಅವನಿಗೆ ಬೇಕಾಗಿದ್ದದ್ದು ಕಾಫಿ.

ಗುಂಡಿ ಕೈಗೆ ಬಂದ ಮೇಲೆ ಸಿಂಚನಳ ಅಳು ಜಾಸ್ತಿಯಾಯಿತು. ಹುಡುಗ ಬುಧವಾರ ಊರು ಬಿಡುತ್ತಾನಂತೆ.

“ಎಲ್ಲಿಗೆ? ಜಪಾನಿಗಾ?”

“ಹೊಸೂರಿಗೆ. ಅಲ್ಲಿ ಜಪಾನಿನವರ ಒಂದು ಫ್ಯಾಕ್ಟರಿ ಇದೆ.”

“ಹೊಸೂರಿಗೆ ಹತ್ತು ನಿಮಿಷಕ್ಕೊಂದು ಬಸ್ಸಿದೆ ಕಣೇ. ಸೊಪ್ಪು ಮಾರೋರು ದಿನಾ ಹೋಗಿ ಬರ್ತಾರೆ, ಯಾರೂ ಅಳಲ್ಲ.”

“ದೂರದ ವಿಷಯ ಅಲ್ಲ ಅಜ್ಜಿ. ನನಗೂ ಇಷ್ಟ ಅಂತ ಅವನಿಗೆ ಗೊತ್ತಿಲ್ಲ. ಈಗ ಹೇಳದಿದ್ರೆ ಒಂದು ವಾರ ಆಗುತ್ತೆ, ಆಮೇಲೆ ಒಂದು ತಿಂಗಳು. ಆಮೇಲೆ ಹೇಳೋಕೆ ನಾಚಿಕೆ ಆಗುತ್ತೆ.” ಮೂಗು ಒರೆಸಿಕೊಂಡಳು. “ನಿನಗೆ ಯಾರೂ ಹೀಗೆ ಏನೂ ಕೊಟ್ಟಿಲ್ವಾ?”

ಕೊಟ್ಟಿದ್ದಳು. ಸ್ಕೂಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ರತ್ನಿ. ನನ್ನ ಬೀಳ್ಕೊಡುಗೆಗೆ ಹಾಡು ಗೀಡು ಇರಲಿಲ್ಲ. ಮಗ್ಗಿ ಹೇಳುತ್ತಿರುವಾಗ ನಮ್ಮಪ್ಪ ಬಾಗಿಲಲ್ಲಿ ನಿಂತು, ‘ನಾಳೆಯಿಂದ ಕನಕಾಂಬರ ಬಿಡಿಸೋಕೆ ಆಳು ಸಾಲದು, ಏಳು’ ಎಂದರು. ನಾನು ಎದ್ದೆ. ರತ್ನಿ ತನ್ನ ಬಳಪ ಮುರಿದು ದೊಡ್ಡ ತುಂಡು ನನ್ನ ಕೈಗಿಟ್ಟಳು. ನಾನು ‘ಬರ್ತೀನಿ’ ಅಂದೆ. ನಮ್ಮಲ್ಲಿ ಹೊರಡುವವರೆಲ್ಲ ಹೇಳುವುದು ಹಾಗೆಯೇ. ಹೋಗ್ತೀನಿ ಎಂದರೆ ಅಪಶಕುನ. ಜಪಾನಿನವರು ಹೋಗುತ್ತೇನೆ ಎಂದು ಹಾಡು ಕಟ್ಟಿ ಅಳುತ್ತಾರೆ. ನಾವು ಬರುತ್ತೇನೆ ಎಂದು ಹೇಳಿ ಬರುವುದೇ ಇಲ್ಲ.

“ಬಳಪ ಎಲ್ಲಿ ಇಟ್ಟಿದೀಯ?”

“ತಿಂದೆ. ಮನೆ ಸೇರೋ ಅಷ್ಟರಲ್ಲಿ. ಚೆನ್ನಾಗಿತ್ತು.”

ಅವಳು ಅಳು ನಿಲ್ಲಿಸಿ ನನ್ನ ಮುಖ ನೋಡಿದಳು. “ಈಗ ಎಲ್ಲಿದಾರೆ ಅವರು?”

“ಅರೆಕೆರೆಗೆ ಕೊಟ್ಟರು. ಅಲ್ಲೇ ಇದಾಳೆ. ಯಾರದೋ ಮದುವೇಲಿ ನನ್ನ ಕೇಳಿದ್ಲಂತೆ. ಹೋಗ್ಬೇಕು ಅಂತಾನೇ ಇದ್ದೆ. ಮೊದಲು ಪುರುಸೊತ್ತಿರಲಿಲ್ಲ, ಆಮೇಲೆ ಇಷ್ಟು ವರ್ಷ ಆದ್ಮೇಲೆ ಏನಂತ ಹೋಗೋದು ಅಂತ.”

“ಅರೆಕೆರೆಗೆ ಎಷ್ಟು ನಿಮಿಷಕ್ಕೊಂದು ಬಸ್ಸು ಅಜ್ಜಿ?”

ನಾನು ಮುದ್ದೆಗೆ ಎಸರಿಡಲು ಎದ್ದು ಹೋದೆ.

ಮಾರನೆಯ ಬೆಳಗ್ಗೆ ಎಂದಿನಂತೆ ಹೂ ಗುಡಿಸಿದೆ. ಆಮೇಲೆ ಸೂಜಿಗೆ ನೀಲಿ ದಾರ ಪೋಣಿಸಿ, ಗುಂಡಿಯ ಜೊತೆ ಸಿಂಚನಳ ಕೈಗೆ ಕೊಟ್ಟೆ.

“ಎದೆ ತೆರಕೊಂಡು ಹೊಸ ಕೆಲಸಕ್ಕೆ ಹೋಗ್ತಾನಾ ಅವನು? ಹೋಗಿ ಹೊಲಿದು ಬಾ. ಹೊಲಿಯೋಕೆ ಐದು ನಿಮಿಷ ಬೇಕು. ಅಷ್ಟರಲ್ಲಿ ಹೇಳೋದು ಹೇಳು.”

“ಬಾಯೇ ಬರದಿದ್ರೆ?”

“ಸೂಜಿ ಚುಚ್ಚು. ಅವನಾದ್ರೂ ಮಾತಾಡ್ತಾನೆ.”

ಬರ್ತೀನಿ ಅಜ್ಜಿ ಎಂದು ಬಿಟಿಎಂ ಲೇಔಟಿನ ಕಡೆಗೆ, ಅವನಿದ್ದ ಪಿಜಿಗೆ ಹೋದಳು. ಚುಚ್ಚಬೇಕಾಗಿ ಬರಲಿಲ್ಲ ಎಂದು ಅವಳು ಫೋನು ಮಾಡುವ ಹೊತ್ತಿಗೆ ನಾನು ಸಾರಕ್ಕಿ ಮಾರ್ಕೆಟ್ಟಿನ ಪುಸ್ತಕದಂಗಡಿಯಲ್ಲಿದ್ದೆ. ಒಂದು ಡಬ್ಬಿ ಬಳಪ ಕೇಳಿದೆ.

“ಮೊಮ್ಮಕ್ಕಳಿಗಾ ಅಜ್ಜಿ?” ಎಂದ ಅಂಗಡಿಯವನು.

“ಅಲ್ಲಪ್ಪ. ನನ್ನ ಜೊತೆ ಓದೋಳಿಗೆ.”

ಅರೆಕೆರೆಯ ಬಸ್ಸು ಬರುವುದರೊಳಗೆ ಒಂದನ್ನು ತಿಂದಿದ್ದೆ.